ಎಂಜಿನ್ ಬಿಚ್ಚಿಸುವ ಮೊದಲು

ಕಾಫಿ, ಅಡಿಕೆ ಮೂಟೆಗಳನ್ನು ಸಾಗಿಸುವ ಹೊತ್ತಿಗೆ ಸರಿಯಾಗಿ ಪಿಕಪ್ ಗಾಡಿ ಕೈಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಏರಿನಲ್ಲಿ ಎಳೆತ ಕಡಿಮೆ, ನಿಲ್ಲಿಸಿದಲ್ಲೆಲ್ಲ ಆಯಿಲ್ ಹನಿ, ಬಾನೆಟ್ ಎತ್ತಿದರೆ ಡಿಪ್‌ಸ್ಟಿಕ್ ತಾನಾಗಿ ಮೇಲೆದ್ದಿರುತ್ತದೆ. ವರ್ಕ್‌ಶಾಪಿನವರು ಆಯಿಲ್ ಮುಚ್ಚಳ ತೆಗೆದು ಹೊಗೆ ತೋರಿಸಿ, “ಬ್ಯಾಕ್ ಕಂಪ್ರೆಷನ್ ಹೊಡೀತಿದೆ, ಎಂಜಿನ್ ಬೋರಿಗೆ ಬಂದಿದೆ” ಎನ್ನುತ್ತಾರೆ. ಸಣ್ಣ ಬೆಳೆಗಾರನ ವರ್ಷದ ಗೊಬ್ಬರದ ಹಣವನ್ನು ಈ ಒಂದು ಮಾತು ನುಂಗಿಬಿಡಬಹುದು. ನನ್ನ ಗಾಡಿಗೂ ಇದೇ ತೀರ್ಪು ಬಂದಿತ್ತು. ಕೊನೆಗೆ ಸಿಕ್ಕ ಕಾರಣ, ಜಿಡ್ಡು ಕಟ್ಟಿ ಮುಚ್ಚಿಹೋಗಿದ್ದ ಒಂದು ರಬ್ಬರ್ ಪೈಪು!

ಸಿಲಿಂಡರಿನಲ್ಲಿ ಡೀಸೆಲ್ ಉರಿದಾಗ ಹುಟ್ಟುವ ಅನಿಲದ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಹೊಸ ಎಂಜಿನ್ನಿನಲ್ಲೂ ಇದು ಉಂಟು. ಅದನ್ನು ಹೊರಕ್ಕೆ ಬಿಡಲೆಂದೇ ಬ್ರೀದರ್ ಪೈಪು ಇದೆ. ಈಗಿನ ಗಾಡಿಗಳಲ್ಲಿ ಅದು ಏರ್ ಫಿಲ್ಟರಿನ ನಂತರದ ಗಾಳಿ ಪೈಪಿಗೆ ಸೇರುತ್ತದೆ. ಒತ್ತಡ ಹೆಚ್ಚಿದ್ದರೆ ಹೊರದಾರಿ ಕಟ್ಟಿರಬೇಕು, ಇಲ್ಲವೇ ಒಳಬರುವ ಗಾಳಿ ಹೆಚ್ಚಿರಬೇಕು. ಮೊದಲನೆಯದನ್ನು ನೋಡದೆ ಎರಡನೆಯದಕ್ಕೆ ಹೋಗಬಾರದು.

ಪರೀಕ್ಷೆಯ ಕ್ರಮ ಹೀಗಿರಲಿ.

1. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬಿಟ್ಟು, ಆಯಿಲ್ ಮುಚ್ಚಳ ತೆಗೆದು ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಬಿಸಿ ಆಯಿಲ್ ಸಿಡಿಯಬಹುದು, ಮುಖ ದೂರವಿರಲಿ. ಮುಚ್ಚಳ ಸ್ವಲ್ಪ ಕುಣಿದರೆ ಚಿಂತೆಯಿಲ್ಲ. ಹಾರಿ ಬಿದ್ದರೆ ಮುಂದೆ ನೋಡಬೇಕು. ನೆನಪಿಡಿ, ಬ್ರೀದರ್ ಕಟ್ಟಿದಾಗಲೂ ಹೊಗೆಯೆಲ್ಲ ಇಲ್ಲಿಂದಲೇ ಬರುತ್ತದೆ. ಇಷ್ಟನ್ನೇ ನೋಡಿ ಬೋರಿಗೆ ಬಂದಿದೆ ಎನ್ನಲಾಗದು.

2. ಎಂಜಿನ್ ನಿಲ್ಲಿಸಿ ಬ್ರೀದರ್ ಪೈಪನ್ನೂ ಅದರ ವಾಲ್ವನ್ನೂ ಬಿಚ್ಚಿ ತೊಳೆಯಿರಿ. ಚಳಿಗಾಲದಲ್ಲಿ ಗಾಡಿಯನ್ನು ಹತ್ತಿರದಲ್ಲೇ ಓಡಿಸುತ್ತಿದ್ದರೆ ನೀರಾವಿ ಆಯಿಲಿನೊಡನೆ ಸೇರಿ ಮಜ್ಜಿಗೆ ಬಣ್ಣದ ಜಿಡ್ಡು ಕಟ್ಟುತ್ತದೆ. ವಾಲ್ವಿನ ಪೊರೆ ಹರಿದಿದ್ದರೆ ಬದಲಾಯಿಸಿ.

3. ಬ್ರೇಕಿನ ವ್ಯಾಕ್ಯೂಮ್ ಪಂಪು ಎಳೆದ ಗಾಳಿ ಕ್ರ್ಯಾಂಕ್‌ಕೇಸಿಗೇ ಹೋಗುತ್ತದೆ. ಗಾಡಿ ನಿಂತಿರುವಾಗ ಮಾತ್ರ, ಚಕ್ರಕ್ಕೆ ಕಲ್ಲು ಕೊಟ್ಟು, ಆ ಪೈಪು ಕಳಚಿ ಪಂಪಿನ ಬಾಯಿ ಮುಚ್ಚಿ ನೋಡಿ. ಹೊಗೆ ಇಳಿದರೆ ಸೋರಿಕೆ ಬ್ರೇಕಿನ ಪೈಪಿನಲ್ಲಿದೆ. ಪೈಪನ್ನು ಮತ್ತೆ ಸೇರಿಸದೆ ಗಾಡಿ ಕದಲಿಸಬೇಡಿ.

4. ಟರ್ಬೋದ ಸೀಲು ಸವೆದಿದ್ದರೂ ಅನಿಲವು ಆಯಿಲ್ ಹಿಂತಿರುಗುವ ಪೈಪಿನ ಮೂಲಕ ಸಂಪಿಗೆ ಇಳಿಯುತ್ತದೆ. ಇದನ್ನು ತಿಳಿದ ಮೆಕ್ಯಾನಿಕ್ಕಿನಿಂದ ನೋಡಿಸಿ.

5. ಇಷ್ಟಾದ ಮೇಲೂ ಒತ್ತಡ ಇಳಿಯದಿದ್ದರೆ ಕಂಪ್ರೆಷನ್ ಅಳೆಯಿಸಿ. ಹಲವು ಡೀಸೆಲ್ ಎಂಜಿನ್ನುಗಳಲ್ಲಿ ಅದು 300ರಿಂದ 450 ಪಿ.ಎಸ್.ಐ. ಇರುತ್ತದೆ, ನಿಮ್ಮ ಗಾಡಿಯ ಪುಸ್ತಕದ ಅಂಕೆಯೇ ಪ್ರಮಾಣ. ಒಂದು ಸಿಲಿಂಡರ್ ಮಾತ್ರ ತೀರಾ ಕಡಿಮೆ ತೋರಿಸಿದರೆ, ಅದರೊಳಕ್ಕೆ ಕಂಪ್ರೆಸರಿನಿಂದ ಗಾಳಿ ಬಿಡಿಸಿ ಕಿವಿಗೊಡಿ. ಸದ್ದು ಆಯಿಲ್ ಬಾಯಿಯಿಂದ ಬಂದರೆ ರಿಂಗು ಅಥವಾ ಪಿಸ್ಟನ್, ಸೈಲೆನ್ಸರಿನಿಂದಾದರೆ ಎಕ್ಸಾಸ್ಟ್ ವಾಲ್ವು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಒಂದು ಎಚ್ಚರಿಕೆ. ಆಯಿಲ್ ಉಗುಳುತ್ತದೆಂದು ಬ್ರೀದರಿಗೆ ಬಿರಡೆ ಹಾಕಬೇಡಿ, ಸೀಲುಗಳೆಲ್ಲ ಕಿತ್ತುಹೋಗುತ್ತವೆ. ಗಾಳಿ ಪೈಪಿನಲ್ಲಿ ಆಯಿಲ್ ನಿಂತಿದ್ದರೂ ಉಪೇಕ್ಷೆ ಸಲ್ಲದು. ಡೀಸೆಲ್ ಎಂಜಿನ್ ಆ ಆಯಿಲನ್ನೇ ಕುಡಿದು ಓಡತೊಡಗಿದರೆ ಕೀ ತೆಗೆದರೂ ನಿಲ್ಲುವುದಿಲ್ಲ. ಆಗ ಟಾಪ್ ಗೇರಿಗೆ ಹಾಕಿ, ಬ್ರೇಕನ್ನು ಬಲವಾಗಿ ಒತ್ತಿ, ಕ್ಲಚ್ ಬಿಟ್ಟು ಆರಿಸಬೇಕು.

ರಿಂಗು ನಿಜವಾಗಿಯೂ ಸವೆದಿದ್ದರೆ ಬೋರು ಮಾಡಿಸದೆ ವಿಧಿಯಿಲ್ಲ. ಆದರೆ ಸವೆದದ್ದು ಏಕೆಂದೂ ಕೇಳಬೇಕು. ನಮ್ಮ ತೋಟದ ರಸ್ತೆಗಳಲ್ಲಿ ಬಹುಪಾಲು ಉತ್ತರ ಧೂಳು. ಏರ್ ಫಿಲ್ಟರಿನ ನಂತರದ ಪೈಪಿನಲ್ಲಿ ಬಿರುಕಿದ್ದರೆ ಹೊಸ ಫಿಲ್ಟರೂ ನಿಷ್ಪ್ರಯೋಜಕ. ಹೊಸ ರಿಂಗುಗಳೂ ಬೇಗ ಸವೆಯುತ್ತವೆ.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ: ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಂಕೆಗಳನ್ನು ಬರೆಸಿಕೊಳ್ಳದೆ ಎಂಜಿನ್ ಬಿಚ್ಚಲು ಒಪ್ಪಬೇಡಿ. ಅಡಿಕೆಯನ್ನು ತೂಕಕ್ಕೆ ಹಾಕದೆ ನಾವು ಮಾರುತ್ತೇವೆಯೇ?