ಮಟ್ಟ ತಪ್ಪದ ಬಕೆಟ್

ಖರಾಡಿಯಲ್ಲಿ ಮನೆ ಮಾಡಿಕೊಂಡಿರುವ ನಮಗೆಲ್ಲ ಮಣ್ಣು ಎತ್ತುವ ಯಂತ್ರಗಳು ಹೊಸತಲ್ಲ. ಇಲ್ಲಿ ಒಂದಲ್ಲ ಒಂದು ಕಟ್ಟಡಕ್ಕೆ ಪಾಯ ತೋಡುವ ಕೆಲಸ ನಡೆದೇ ಇರುತ್ತದೆ. ಯಂತ್ರ ಯಾವ ಕಂಪನಿಯದಾದರೂ ನಮ್ಮ ಬಾಯಲ್ಲಿ ಅದು ‘ಜೆಸಿಬಿ’. ನದಿಯ ಆಚೆ ಮಗರಪಟ್ಟಾದಲ್ಲಿ ಜಾನ್ ಡಿಯರ್‌ನ ತಂತ್ರಜ್ಞಾನ ಕೇಂದ್ರವಿದೆ. ನಗರ ರಸ್ತೆ ಹಿಡಿದು ವಾಘೋಲಿ, ಕೋರೆಗಾಂವ್ ಭೀಮಾ ದಾಟಿದರೆ ಸಣಸವಾಡಿಯಲ್ಲಿ ಅದೇ ಕಂಪನಿಯ ಟ್ರ್ಯಾಕ್ಟರ್ ಕಾರ್ಖಾನೆ. ಮುಂಬೈ ದಿಕ್ಕಿಗೆ ಹೊರಟರೆ ತಳೇಗಾಂವ್‌ನಲ್ಲಿ ಜೆಸಿಬಿ ಕಾರ್ಖಾನೆ. ಇವುಗಳ ನಡುವೆಯೇ ಇದ್ದರೂ ಲೋಡರ್ ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಕೂತು ಯೋಚಿಸಿದ್ದು ಅಥಣಿ ತಾಲ್ಲೂಕಿನ ನಮ್ಮೂರಿನಿಂದ ಕಾಕಾನ ಮಗ ಫೋನ್ ಮಾಡಿದ ಮೇಲೆ.

“ಅಣ್ಣಾ, ಬಕೆಟ್ ಮ್ಯಾಲ ಹ್ವಾದಂಗ ಹಿಂದಕ್ಕ ವಾಲತೈತಿ. ನಿನ್ನೆ ಒಂದ ಕಲ್ಲ ಬಾನೆಟ್ ಮ್ಯಾಲ ಬಿತ್ತು. ಡ್ರೈವರ್ ಇನ್ನ ಮ್ಯಾಲ ಕುಂಡ್ರಂಗಿಲ್ಲ ಅಂತಾನ.”

ಅವನ ಟ್ರ್ಯಾಕ್ಟರಿಗೆ ಮುಂದೆ ಲೋಡರ್ ಕೂಡಿಸಿದ್ದಾರೆ. ಊರ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲೇ ಕಟ್ಟಿದ್ದು. ತಿಪ್ಪೆಗೊಬ್ಬರ, ಹೊಲದ ಮಣ್ಣು, ಬದುವಿನ ಕಲ್ಲು ಎಲ್ಲವನ್ನೂ ಎತ್ತಿ ಟ್ರ್ಯಾಲಿಗೆ ಹಾಕುವುದು ಅದರ ಕೆಲಸ. ಕೈಗಳನ್ನು ಎತ್ತಲು ಒಂದು ಜೊತೆ ಹೈಡ್ರಾಲಿಕ್ ಜ್ಯಾಕ್, ಬಕೆಟ್ ಮಗುಚಲು ಇನ್ನೊಂದು ಜೊತೆ. ಡ್ರೈವರನ ಕೈಯಲ್ಲಿ ಎರಡು ಲಿವರ್.

ಬಕೆಟ್ ಯಾಕೆ ಹಿಂದಕ್ಕೆ ವಾಲುತ್ತದೆ?

ಕಾರಣ ಸರಳ. ಬಕೆಟ್ ಮಗುಚುವ ಜ್ಯಾಕಿನ ಹಿಂದಿನ ತುದಿ ಲೋಡರಿನ ಕೈಗೇ ಕೂಡಿರುತ್ತದೆ. ಹಾಗಾಗಿ ಕೈ ಎಷ್ಟು ಡಿಗ್ರಿ ತಿರುಗುತ್ತದೋ ಬಕೆಟ್ಟೂ ಅದರ ಜೊತೆ ಅಷ್ಟೇ ತಿರುಗುತ್ತದೆ. ಒಂದು ತಟ್ಟೆಯನ್ನು ಮಣಿಕಟ್ಟು ಬಗ್ಗಿಸದೆ ನೆಲದಿಂದ ತಲೆಯ ಮೇಲೆ ಎತ್ತಿ ನೋಡಿ, ಅನ್ನ ನಿಮ್ಮ ಮೈಮೇಲೇ ಬೀಳುತ್ತದೆ.

ತಮ್ಮ ಟೇಪ್ ಹಿಡಿದು ಅಳತೆ ಕಳಿಸಿದ. ಕೈ ಕಂಬಕ್ಕೆ ಕೂಡುವ ಕೀಲು ನೆಲದಿಂದ 1.5 ಮೀಟರ್ ಎತ್ತರ. ಆ ಕೀಲಿನಿಂದ ಬಕೆಟ್ಟಿನ ಕೀಲಿಗೆ 2.2 ಮೀಟರ್. ಬಕೆಟ್ಟಿನ ಕೀಲು ಕೆಳಗೆ 15 ಸೆಂಟಿಮೀಟರಿಗೆ ಇಳಿದು, ಮೇಲೆ 2.8 ಮೀಟರಿಗೆ ಏರುತ್ತದೆ. ಲೆಕ್ಕ ಹಾಕಿದರೆ ಕೈ ಅಡ್ಡಗೆರೆಯ ಕೆಳಗೆ 38 ಡಿಗ್ರಿಯಿಂದ ಮೇಲೆ 36 ಡಿಗ್ರಿವರೆಗೆ, ಒಟ್ಟು 74 ಡಿಗ್ರಿ ತಿರುಗುತ್ತದೆ. ನೆಲದ ಮೇಲೆ ಮಟ್ಟವಾಗಿದ್ದ ಬಕೆಟ್ ಮೇಲೆ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಡ್ರೈವರನ ಕಡೆಗೆ ಅಂಗಾತ ಮಲಗಿರುತ್ತದೆ. ರಾಶಿ ತುಂಬಿದ್ದರೆ ಹಿಂದಿನ ಅಂಚು ದಾಟಿ ಬಾನೆಟ್ ಮೇಲೆ ಸುರಿಯುತ್ತದೆ. ದುಂಡು ಕಲ್ಲು, ಮರದ ದಿಮ್ಮಿ ಇದ್ದರೆ ಕೈಗಳ ಮೇಲೇ ಉರುಳಿ ಸೀಟಿನವರೆಗೂ ಬರಬಹುದು. ನಮ್ಮ ಊರುಗಳ ಟ್ರ್ಯಾಕ್ಟರಿಗೆ ಕ್ಯಾಬಿನ್ ಇಲ್ಲ, ತಲೆಯ ಮೇಲೆ ಬಟ್ಟೆಯ ಹೊದಿಕೆ ಇದ್ದರೆ ಅದೇ ಹೆಚ್ಚು.

ಡ್ರೈವರ್ ಒಂದು ಲಿವರಿನಿಂದ ಎತ್ತುತ್ತ ಇನ್ನೊಂದರಿಂದ ಬಕೆಟ್ಟನ್ನು ಮುಂದಕ್ಕೆ ಬಗ್ಗಿಸುತ್ತ ಇದ್ದರೆ ಅಪಾಯವಿಲ್ಲ ನಿಜ. ಆದರೆ ದಿನಕ್ಕೆ ನೂರು ಸಲ, ಬಿಸಿಲಲ್ಲಿ, ಸುತ್ತ ಜನ ಇರುವಾಗ, ಒಂದು ಸಲವೂ ತಪ್ಪದೆ ಅದನ್ನು ಮಾಡಬೇಕು. ದಿನಗೂಲಿಯ ಮೇಲೆ ಬರುವ ಮನುಷ್ಯನ ಜೀವ ಅವನ ಎಡಗೈ ಬಲಗೈಗಳ ತಾಳಮೇಳದ ಮೇಲೆ ನಿಲ್ಲಬಾರದು.

ಸೆನ್ಸರ್ ಬೇಕೆ?

ನನ್ನಂಥ ಐಟಿಯವನಿಗೆ ಮೊದಲು ಹೊಳೆಯುವುದು ಸೆನ್ಸರ್. ಬಕೆಟ್ಟಿಗೆ ವಾಲು ಅಳೆಯುವ ಒಂದು ಚಿಪ್, ಹೈಡ್ರಾಲಿಕ್ಕಿಗೆ ವಿದ್ಯುತ್ ವಾಲ್ವ್, ನಡುವೆ ನಾಲ್ಕು ಸಾಲು ಪ್ರೋಗ್ರಾಂ. ದೊಡ್ಡ ಕಂಪನಿಗಳ ಯಂತ್ರಗಳಲ್ಲಿ ಇಂಥ ಏರ್ಪಾಡು ಇದೆ. ಎಣ್ಣೆಯ ಹರಿವನ್ನೇ ಪಾಲು ಮಾಡಿ, ಎತ್ತುವ ಜ್ಯಾಕಿನಿಂದ ಬರುವ ಎಣ್ಣೆಯ ಒಂದು ಭಾಗವನ್ನು ಬಕೆಟ್ಟಿನ ಜ್ಯಾಕಿಗೆ ಕಳಿಸುವ ಬಗೆಯೂ ಉಂಟು. ಎರಡೂ ಕೆಲಸ ಮಾಡುತ್ತವೆ. ಆದರೆ ಧೂಳು, ಗೊಬ್ಬರದ ನೀರು, ಇಲಿ ಕಡಿಯುವ ವೈರು, ಇವುಗಳ ನಡುವೆ ಸೆನ್ಸರ್ ಕೆಟ್ಟರೆ ಫೋನ್ ಖರಾಡಿಗೆ ಬರುತ್ತದೆ. ಪಿನ್ನೋ ಬುಷ್ಷೋ ಸವೆದರೆ ಅಥಣಿಯ ಲೇತ್ ಅಂಗಡಿಯಲ್ಲೇ ಕೆಲಸ ಮುಗಿಯುತ್ತದೆ. ಹಾಗಾಗಿ ಎಲೆಕ್ಟ್ರಾನಿಕ್ಸ್ ಬೇಡವೆಂದೇ ತೀರ್ಮಾನಿಸಿದೆವು.

ಇನ್ನು ಉಳಿದದ್ದು ಬರೀ ಕಬ್ಬಿಣದ ಉಪಾಯ. ಅದು ನಮ್ಮಲ್ಲಿ ಅನೇಕರ ಕೈಯಲ್ಲಿ ಆಗಲೇ ಆಡಿದೆ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಬಸ್ಸಿನಲ್ಲಿ ಎಲ್ಲರಿಗೂ ಚುಚ್ಚುತ್ತ ಹೊತ್ತೊಯ್ಯುತ್ತಿದ್ದೆವಲ್ಲ, ಆ ಮಿನಿ ಡ್ರಾಫ್ಟರ್! ಅದರ ಒಂದು ತುದಿಯನ್ನು ಡ್ರಾಯಿಂಗ್ ಬೋರ್ಡಿಗೆ ಬಿಗಿದರೆ, ಇನ್ನೊಂದು ತುದಿಯ ಸ್ಕೇಲನ್ನು ಹಾಳೆಯ ಯಾವ ಮೂಲೆಗೆ ಒಯ್ದರೂ ಅದು ತಿರುಗುವುದಿಲ್ಲ. ಯಾಕೆಂದರೆ ಅದರಲ್ಲಿ ಎರಡು ಸಮಾಂತರ ಚತುರ್ಭುಜಗಳು ಒಂದು ತಗಡಿನ ಮೂಲಕ ಸೇರಿರುತ್ತವೆ. ಚತುರ್ಭುಜದ ಒಂದು ಬದಿಯನ್ನು ಅಲುಗದಂತೆ ಹಿಡಿದರೆ ಎದುರು ಬದಿ ಜಾಗ ಬದಲಿಸಬಹುದು, ದಿಕ್ಕು ಬದಲಿಸಲಾರದು. ಬೋರ್ಡಿನ ಜಾಗದಲ್ಲಿ ಟ್ರ್ಯಾಕ್ಟರಿನ ಕಂಬ, ಸ್ಕೇಲಿನ ಜಾಗದಲ್ಲಿ ಬಕೆಟ್ ಇಟ್ಟುಕೊಂಡರೆ ನಮ್ಮ ಲೋಡರ್ ಸಿದ್ಧ.

ತಮ್ಮನಿಗೆ ಡ್ರಾಫ್ಟರ್ ಗೊತ್ತಿಲ್ಲ. ಅವನಿಗೆ ಕಿರಾಣಿ ಅಂಗಡಿಯ ಮೇಜಿನ ತಕ್ಕಡಿ ನೆನಪಿಸಿದೆ. ಅದರ ತಟ್ಟೆಗಳು ಏರಿದರೂ ಇಳಿದರೂ ಮಟ್ಟವಾಗಿಯೇ ಇರುತ್ತವೆ, ಬೆಲ್ಲದ ಉಂಡೆ ಉರುಳುವುದಿಲ್ಲ. ಫ್ರಾನ್ಸಿನ ಗಣಿತಜ್ಞ ರೊಬೆರ್ವಾಲ್ 1669ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ ತಕ್ಕಡಿ ಅದು. ಕಾಣದಂತೆ ಒಳಗೆ ಕೂತಿರುವುದು ಅದೇ ಸಮಾಂತರ ಚತುರ್ಭುಜ. ಜೇಮ್ಸ್ ವ್ಯಾಟ್ 1784ರಲ್ಲಿ ಪೇಟೆಂಟ್ ಪಡೆದ ಕೀಲುಗಳ ಜೋಡಣೆಯಲ್ಲೂ ಇದೇ ಆಕಾರವಿದೆ. ಉಗಿಯಂತ್ರದಿಂದ ಹೆಸರಾದ ಆತನಿಗೆ ತನ್ನ ಯಾಂತ್ರಿಕ ಕಲ್ಪನೆಗಳಲ್ಲೆಲ್ಲ ಹೆಚ್ಚು ಹೆಮ್ಮೆ ಇದ್ದದ್ದು ಈ ಜೋಡಣೆಯ ಬಗ್ಗೆ.

ಕಟ್ಟಿದ ಬಗೆ

ಮೊದಲು ಅಡುಗೆಮನೆಯ ಮೇಜಿನ ಮೇಲೆ ರಟ್ಟು ಮತ್ತು ಗುಂಡುಪಿನ್ನುಗಳಿಂದ ಹತ್ತನೇ ಒಂದರ ಅಳತೆಯ ಮಾದರಿ ಮಾಡಿದೆ. ಅದು ಕೂಡಿಬಂದ ಮೇಲೆ ಕಬ್ಬಿಣಕ್ಕೆ ಕೈ ಹಾಕಿದೆವು. ಬುಷ್ ಮತ್ತು ಗ್ರೀಸ್ ನಿಪ್ಪಲ್‌ಗಳನ್ನು ಪುಣೆಯ ನಾನಾ ಪೇಟೆಯಲ್ಲಿ ಕೊಂಡು ಊರಿಗೆ ಒಯ್ದೆ.

ಕೈಯ ಕೀಲಿನ ನೇರ ಮೇಲೆ, 25 ಸೆಂಟಿಮೀಟರ್ ಅಂತರದಲ್ಲಿ ಕಂಬಕ್ಕೆ ಇನ್ನೊಂದು ಕೀಲು ಕೂಡಿಸಿದೆವು. ಕೈ ಬಾಗುವ ಮೊಣಕೈ ಜಾಗದಲ್ಲಿ ತ್ರಿಕೋನದ ದಪ್ಪ ಪ್ಲೇಟು. ಅದರ ಕೆಳಮೂಲೆ ಒಂದು ಪಿನ್ನಿನಿಂದ ಕೈಗೆ ಸೇರಿದೆ, ಸಲೀಸಾಗಿ ತಿರುಗುತ್ತದೆ. ಮೇಲಿನ ಹಿಂಬದಿಯ ಮೂಲೆ ಆ ಪಿನ್ನಿನಿಂದ ಸರಿಯಾಗಿ 25 ಸೆಂಟಿಮೀಟರ್ ಮೇಲೆ. ಆ ಮೂಲೆಗೂ ಕಂಬದ ಹೊಸ ಕೀಲಿಗೂ ನಡುವೆ ಒಂದು ರಾಡ್. ಅದರ ಉದ್ದ ಕೆಳಗಿನ ಎರಡು ಪಿನ್ನುಗಳ ನಡುವಿನ ಅಂತರದಷ್ಟೇ. ಇದು ಮೊದಲ ಚತುರ್ಭುಜ. ಇದರಿಂದ ಕೈ ಎಲ್ಲಿಗೆ ಹೋದರೂ ತ್ರಿಕೋನ ನೆಲಕ್ಕೆ ಹೋಲಿಸಿದರೆ ತಿರುಗುವುದಿಲ್ಲ. ಬಕೆಟ್ಟಿನ ಜ್ಯಾಕಿನ ಹಿಂದಿನ ತುದಿಯನ್ನು ಕೈಯಿಂದ ಬಿಡಿಸಿ ತ್ರಿಕೋನದ ಮುಂದಿನ ಮೂಲೆಗೆ ಕೂಡಿಸಿದೆವು. ಜ್ಯಾಕ್, ಕೈಯ ಮುಂಭಾಗ, ಬಕೆಟ್ಟಿನ ಬೆನ್ನು, ತ್ರಿಕೋನ ಸೇರಿ ಎರಡನೆಯ ಚತುರ್ಭುಜವಾಯಿತು. ಎಡಬಲ ಎರಡೂ ಕೈಗಳಿಗೆ ಇದೇ ಜೋಡಣೆ. ಕೈ ಬಾಗಿದೆಯೋ ನೆಟ್ಟಗಿದೆಯೋ ಎಂಬುದು ಮುಖ್ಯವಲ್ಲ, ಪಿನ್ನಿನಿಂದ ಪಿನ್ನಿಗೆ ಇರುವ ಅಳತೆಯೊಂದೇ ಮುಖ್ಯ.

ಹೊಸ ಕೀಲನ್ನು ನೇರ ಮೇಲೆಯೇ ಇಟ್ಟಿದ್ದಕ್ಕೂ ಕಾರಣವಿದೆ. ಚತುರ್ಭುಜ ಚಪ್ಪಟೆಯಾಗಿ ನಾಲ್ಕೂ ಪಿನ್ನುಗಳು ಒಂದೇ ಗೆರೆಗೆ ಬಂದರೆ ಅದು ತಿರುವುಮುರುವಾಗಿ ಮಡಚಿಕೊಳ್ಳಬಹುದು. ನಮ್ಮ ಲೋಡರಿನಲ್ಲಿ ಆ ಕೋನ ಕೆಳಗೆ 128, ಮೇಲೆ 54 ಡಿಗ್ರಿ. ಎರಡು ತುದಿಯಲ್ಲೂ ಚಪ್ಪಟೆಯಾಗುವ ಭಯವಿಲ್ಲ.

ರಾಡಿನ ಬಲ ನಿರ್ಧರಿಸಿದ್ದು ಹೀಗೆ. ಬಕೆಟ್ಟಿನ ಕೀಲಿನಿಂದ 50 ಸೆಂಟಿಮೀಟರ್ ಮುಂದೆ 400 ಕಿಲೋ ತೂಕ ಇದೆಯೆಂದುಕೊಳ್ಳಿ. ಕೈ ಪೂರ್ತಿ ಕೆಳಗೆ ಅಥವಾ ಪೂರ್ತಿ ಮೇಲೆ ಇರುವಾಗ ಕೈಗೂ ರಾಡಿಗೂ ನಡುವಿನ ನೇರ ಅಂತರ 25ರಿಂದ ಸುಮಾರು 20 ಸೆಂಟಿಮೀಟರಿಗೆ ಇಳಿಯುತ್ತದೆ. ಆಗ ಎಳೆತ ಸುಮಾರು 1 ಟನ್. ಕುಲುಕಾಟಕ್ಕೆ ಅದರ ಎರಡರಷ್ಟು ಲೆಕ್ಕ ಹಿಡಿಯಬೇಕು. ಭಾರ ಎತ್ತುವಾಗ ರಾಡಿನ ಮೇಲೆ ಎಳೆತ ಬೀಳುತ್ತದೆ, ಬಕೆಟ್ಟಿನ ತುಟಿಯನ್ನು ನೆಲಕ್ಕೆ ಒತ್ತಿ ಕೆರೆಯುವಾಗ ಒತ್ತಡ. ಎಳೆತಕ್ಕೆ ಪಟ್ಟಿ ಸಾಕು, ಒತ್ತಡಕ್ಕೆ ಅದು ಬಾಗುತ್ತದೆ. ಆದ್ದರಿಂದ ದಪ್ಪ ಗೋಡೆಯ ಪೈಪನ್ನೇ ಹಾಕಿದೆವು.

ಪರೀಕ್ಷೆಗೆ ತಮ್ಮ ಬಕೆಟ್ಟಿಗೆ ಅರ್ಧದಷ್ಟು ನೀರು ತುಂಬಿಸಿದ. ನೆಲದಿಂದ ತುದಿಯವರೆಗೆ ಎತ್ತಿದರೂ ನೀರು ಚೆಲ್ಲಲಿಲ್ಲ. ಬಕೆಟ್ಟಿಗೆ ಕಟ್ಟಿದ್ದ ಫೋನಿನಲ್ಲಿ ವಾಲು 2 ಡಿಗ್ರಿ ದಾಟಲಿಲ್ಲ. ಅದೂ ಪಿನ್ನುಗಳ ಸಡಿಲದ್ದು. ಡ್ರೈವರ್ ಎರಡು ದಿನ ಗೊಬ್ಬರ ಹೊಡೆದು ಹೇಳಿದ: “ಈಗ ಟ್ರ್ಯಾಲಿ ಕಡೆ ನೋಡ್ಕೋತ ಎತ್ತಬಹುದ್ರಿ ಸಾಹೇಬ್ರ. ಮೊದಲ ಬಕೆಟ್ ಕಡೇನ ಕಣ್ಣ ಇರತಿತ್ತು.”

ಇದು ಏನು ಮಾಡುವುದಿಲ್ಲ

ಎರಡನೆಯ ಚತುರ್ಭುಜದಲ್ಲಿ ಜ್ಯಾಕ್ ಒಂದು ಬದಿ. ಅದರ ಉದ್ದ ಬದಲಾದರೆ ಆಕಾರ ಸಮಾಂತರವಾಗಿ ಉಳಿಯುವುದಿಲ್ಲ. ಹಾಗಾಗಿ ಮಟ್ಟ ಕರಾರುವಾಕ್ಕಾಗಿ ನಿಲ್ಲುವುದು ಜ್ಯಾಕಿನ ಒಂದೇ ಉದ್ದದಲ್ಲಿ. ಬಕೆಟ್ ತುಸು ಹಿಂದಕ್ಕೆ ಬಾಗಿ ಭಾರ ಹೊತ್ತಿರುವ ಭಂಗಿಗೆ ನಾವು ಅದನ್ನು ಹೊಂದಿಸಿದೆವು, ಯಾಕೆಂದರೆ ಅಪಾಯ ಇರುವುದು ಆಗಲೇ. ಮಗುಚಿದ ಬಕೆಟ್ ಕೆಳಗಿಳಿಸಿದ ಮೇಲೆ ಡ್ರೈವರ್ ಒಮ್ಮೆ ಲಿವರ್ ಮುಟ್ಟಿ ಸರಿಮಾಡಿಕೊಳ್ಳಬೇಕು.

ಟ್ರ್ಯಾಕ್ಟರ್ ಪಲ್ಟಿಯಾಗುವುದನ್ನೂ ಇದು ತಡೆಯುವುದಿಲ್ಲ. ಭಾರ ಮೇಲಿದ್ದಷ್ಟೂ ಟ್ರ್ಯಾಕ್ಟರ್ ಅಸ್ಥಿರ. ಓಡಿಸುವಾಗ ಬಕೆಟ್ ನೆಲದ ಹತ್ತಿರವೇ ಇರಬೇಕು. ಹಿಂದಿನ ಚಕ್ರಗಳು ಹಗುರಾಗದಂತೆ ಹಿಂದೆ ತೂಕ ಕಟ್ಟಬೇಕು. ಎರಡು ಚಕ್ರಕ್ಕಷ್ಟೇ ಶಕ್ತಿ ಹೋಗುವ ಟ್ರ್ಯಾಕ್ಟರುಗಳ ಮುಂದಿನ ಆಕ್ಸಲ್ ಸಾಮಾನ್ಯವಾಗಿ ಇಂಥ ಭಾರಕ್ಕೆಂದು ಮಾಡಿದ್ದಲ್ಲ, ಅದರ ಮಿತಿ ಕೈಪಿಡಿಯಲ್ಲಿ ನೋಡಲೇಬೇಕು. ಎತ್ತಿದ ಬಕೆಟ್ಟಿನ ಕೆಳಗೆ ಯಾರೂ ಹೋಗಕೂಡದು, ಗ್ರೀಸ್ ಹಾಕುವುದಕ್ಕೂ.

ನಿಮ್ಮ ಊರಿನ ಮನೆಯಲ್ಲೂ ಲೋಡರ್ ಕೂಡಿಸಿದ ಟ್ರ್ಯಾಕ್ಟರ್ ಇದ್ದರೆ ಮುಂದಿನ ಸಲ ಹೋದಾಗ ಬಕೆಟ್ಟಿನ ಜ್ಯಾಕ್ ಹಿಂದೆ ಎಲ್ಲಿಗೆ ಕೂಡಿದೆ ಎಂದು ನೋಡಿ. ಕೈಗೇ ಕೂಡಿದ್ದರೆ ಕಂಬದ ಕೀಲಿನ ಎತ್ತರ, ಕೈಯ ಉದ್ದ, ಬಕೆಟ್ ಏರುವ ಎತ್ತರ ಈ ಮೂರನ್ನು ಅಳೆದುಕೊಂಡು ಬನ್ನಿ. ಉಳಿದ ಲೆಕ್ಕ ಒಂದು ಸಂಜೆಯ ಕೆಲಸ.