ಡೋಪಮೈನ್ ತಯಾರಾಗುವುದು ಎಲ್ಲಿ?

ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವುದಕ್ಕೂ ಸ್ನಾಯುಗಳು ಬಿಗಿದುಕೊಂಡು ನಡಿಗೆ ನಿಧಾನವಾಗುವುದಕ್ಕೂ ಮುಖ್ಯ ಕಾರಣವೆಂದರೆ, ಮಿದುಳಿನ ನಡುಭಾಗದಲ್ಲಿ ಸಬ್‌ಸ್ಟಾನ್ಷಿಯ ನೈಗ್ರ ಎಂಬ ಕಪ್ಪು ಛಾಯೆಯ ಪ್ರದೇಶದ ನರಕೋಶಗಳು ನಶಿಸುತ್ತ ಹೋಗಿ, ಅವು ತಯಾರಿಸುವ ಡೋಪಮೈನ್ ಎಂಬ ನರವಾಹಕ ರಾಸಾಯನಿಕ ಕಡಿಮೆಯಾಗುವುದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿಯೇ ರೋಗಲಕ್ಷಣಗಳನ್ನು ವಿವರಿಸಿದ್ದರೂ, ಈ ಕೊರತೆಯನ್ನು ವಿಯೆನ್ನಾದಲ್ಲಿ ಹಾರ್ನಿಕೀವಿಚ್ ಮತ್ತು ಎರಿಂಗರ್ ತೋರಿಸಿಕೊಟ್ಟದ್ದು 1960ರಲ್ಲಿ.

ಡೋಪಮೈನನ್ನೇ ಔಷಧವಾಗಿ ಕೊಡೋಣವೆಂದರೆ, ರಕ್ತದಿಂದ ಮಿದುಳಿಗೆ ಹೋಗುವ ವಸ್ತುಗಳನ್ನು ಸೋಸಿ ಬಿಡುವ ರಕ್ತ-ಮಿದುಳು ತಡೆಯನ್ನು ಅದು ದಾಟಲಾರದು. ಅದರ ಪೂರ್ವರೂಪವಾದ ಲೆವೊಡೋಪ ದಾಟಬಲ್ಲುದು. ಹೀಗೆ ಒಳಹೊಕ್ಕ ಲೆವೊಡೋಪವನ್ನು ಡೋಪಮೈನ್ ಆಗಿ ಮಾರ್ಪಡಿಸುವ ಕಿಣ್ವಕ್ಕೆ ಬಿ6 ಜೀವಸತ್ವದ, ಅಂದರೆ ಪಿರಿಡಾಕ್ಸಿನ್‌ನ, ಸಕ್ರಿಯ ರೂಪವು ಸಹಕಿಣ್ವವಾಗಿ ಜೊತೆಗಿರಲೇಬೇಕು. ಹಾಗಾದರೆ ಬಿ6 ಹೆಚ್ಚಿದಷ್ಟೂ ಲಾಭವೆಂದು ತೋರುವುದು ಸಹಜ. ಆದರೆ ಆದದ್ದು ಅದಕ್ಕೆ ವಿರುದ್ಧ. ಜಾರ್ಜ್ ಕೊಟ್ಜಿಯಾಸ್ 1967ರಲ್ಲಿ ಬಾಯಿಯ ಮೂಲಕ ಹೆಚ್ಚಿನ ಪ್ರಮಾಣದ ಡೋಪ ಕೊಟ್ಟು ಯಶಸ್ಸು ಕಂಡ ಎರಡೇ ವರ್ಷಗಳಲ್ಲಿ, ಪಿರಿಡಾಕ್ಸಿನ್ ಸೇವಿಸಿದ ರೋಗಿಗಳಲ್ಲಿ ಔಷಧದ ಗುಣವೇ ಇಲ್ಲವಾಗುತ್ತಿದೆಯೆಂದು ಅಮೆರಿಕದ ಡುವೊಯ್ಸಿನ್, ಯಾರ್ ಮತ್ತು ಸಂಗಡಿಗರು ವರದಿ ಮಾಡಿದರು. ದಿನಕ್ಕೆ 10ರಿಂದ 25 ಮಿಲಿಗ್ರಾಂ, ಎಂದರೆ ಸಾಮಾನ್ಯ ಬಿ-ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಇರಬಹುದಾದಷ್ಟೇ ಬಿ6, ಇದಕ್ಕೆ ಸಾಕಾಗುತ್ತಿತ್ತು. ಅದೇ ಕಿಣ್ವ ಕರುಳು, ಯಕೃತ್ತು, ಮೂತ್ರಪಿಂಡಗಳಲ್ಲಿಯೂ ಇರುವುದರಿಂದ, ಲೆವೊಡೋಪ ಮಿದುಳನ್ನು ಮುಟ್ಟುವ ಮೊದಲೇ, ದಾರಿಯಲ್ಲೇ ಸುಲಿಗೆಯಾದ ಬುತ್ತಿಯಂತೆ, ಡೋಪಮೈನ್ ಆಗಿ ತೀರಿಹೋಗುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು ಕಾರ್ಬಿಡೋಪ. ಮಿದುಳನ್ನು ಪ್ರವೇಶಿಸಲಾರದ ಈ ವಸ್ತು ಹೊರಗಿನ ಕಿಣ್ವವನ್ನಷ್ಟೇ ತಡೆಯುವುದರಿಂದ ಲೆವೊಡೋಪದ ಅಗತ್ಯವನ್ನು ಸುಮಾರು ಮುಕ್ಕಾಲು ಪಾಲು ತಗ್ಗಿಸಿತು. ಎರಡನ್ನೂ ಕೂಡಿಸಿದ ಮಾತ್ರೆ ನುಂಗುವವರಿಗೆ ಬಿ6ರ ಹಳೆಯ ಭಯ ಬಹುಮಟ್ಟಿಗೆ ಉಳಿದಿಲ್ಲ. ಆಯುರ್ವೇದದಲ್ಲಿ ಬಳಕೆಯಲ್ಲಿರುವ ನಸುಗುನ್ನಿ ಬೀಜದಲ್ಲಿಯೂ ಸಹಜವಾಗಿ ಲೆವೊಡೋಪ ಇದೆಯೆಂಬುದನ್ನು ಇಲ್ಲಿ ನೆನೆಯಬೇಕು. ಕಾರ್ಬಿಡೋಪದ ಜೊತೆಯಿಲ್ಲದೆ ಅದರ ಪುಡಿಯನ್ನು ಸೇವಿಸುವವರು ಬಿ6 ಬಗೆಗಿನ ಆ ಹಳೆಯ ಎಚ್ಚರಿಕೆಯನ್ನು ಮರೆಯುವಂತಿಲ್ಲ. ವಿಚಿತ್ರವೆಂದರೆ ಕಾರ್ಬಿಡೋಪ ಬಿ6ರ ಸಕ್ರಿಯ ರೂಪಕ್ಕೇ ಅಂಟಿಕೊಳ್ಳುವುದರಿಂದ, ಔಷಧದ ಪ್ರಮಾಣ ಬಹಳ ಏರಿದವರಲ್ಲಿ ಈಗ ಬಿ6 ಕೊರತೆಯೇ ಕಾಣಿಸಿಕೊಳ್ಳಬಹುದು.

ಲೆವೊಡೋಪದ ಒಂದು ಪಾಲು ದೇಹದಲ್ಲಿ ಮೀಥೈಲ್ ಗುಂಪನ್ನು ಸೇರಿಸಿಕೊಂಡು ಬದಲಾಗುವಾಗ ಹೋಮೋಸಿಸ್ಟೀನ್ ಎಂಬ ಅಮೈನೊ ಆಮ್ಲ ಹುಟ್ಟುತ್ತದೆ. ಅದನ್ನು ವಿಲೇವಾರಿ ಮಾಡಲು ಬಿ12, ಫೋಲಿಕ್ ಆಮ್ಲ ಮತ್ತು ಬಿ6 ಬೇಕಾಗಿರುವುದರಿಂದ, ದೀರ್ಘಕಾಲ ಚಿಕಿತ್ಸೆ ಪಡೆದವರಲ್ಲಿ ಹೋಮೋಸಿಸ್ಟೀನ್ ಏರಿ ಬಿ12 ಇಳಿದಿರುವುದು, ಕೆಲವರಲ್ಲಿ ಪಾದದ ನರಗಳು ಬಾಧಿತವಾಗುವುದು ಕಂಡುಬಂದಿದೆ. ಬಿ12 ಸಹಜವಾಗಿ ದೊರೆಯುವುದು ಮಾಂಸ, ಮೊಟ್ಟೆ, ಹಾಲಿನಂಥ ಪ್ರಾಣಿಮೂಲದ ಆಹಾರಗಳಲ್ಲಿ ಮಾತ್ರವಾದ್ದರಿಂದ ಸಸ್ಯಾಹಾರಿ ವೃದ್ಧರಲ್ಲಿ ಈ ಸಾಧ್ಯತೆ ಹೆಚ್ಚು. ಈ ಜೀವಸತ್ವಗಳಿಂದ ಹೋಮೋಸಿಸ್ಟೀನ್ ಇಳಿಯುವುದು ನಿಜ. ನರಕೋಶಗಳ ನಾಶ ನಿಲ್ಲುತ್ತದೆಯೆಂಬುದು ಸಾಬೀತಾಗಿಲ್ಲ. ಇತ್ತ ಬಿ6 ಬಹುಕಾಲ ಅತಿಯಾದರೂ ಪಾದಗಳು ಜೋಮು ಹಿಡಿಯುತ್ತವೆಯಾದ್ದರಿಂದ, ಕೊರತೆ ಯಾವುದರದೆಂದು ರಕ್ತಪರೀಕ್ಷೆಯಿಂದ ತಿಳಿದ ಬಳಿಕವೇ ವೈದ್ಯರು ಮಾತ್ರೆ ಬರೆಯುತ್ತಾರೆ.