ಗಾಲಿಮನೆಗೆ ಏನೇನು ಬೇಕು?

ಅಮೆರಿಕಕ್ಕೆ ಹೋದ ನಮ್ಮ ಮಕ್ಕಳು ರಜೆಯಲ್ಲಿ ಕಾರಿನ ಹಿಂದೆ ಪುಟ್ಟ ಟ್ರೇಲರ್ ಕಟ್ಟಿಕೊಂಡು ಹೊರಡುವುದುಂಟು. ನಾಳೆ ನೀವೂ ಹೊರಟರೆ ಬಣ್ಣದ ದೀಪ, ಮಡಚುವ ಮೇಜು ನೋಡಿ ಮರುಳಾಗಬೇಡಿ. ಮೊದಲು ಗಾಲಿಗೆ ಕೊಡುವ ಅಡ್ಡೆ ಕೊಳ್ಳಿ. ಕಾರಿನ ಕೊಂಡಿ ಬಿಚ್ಚುವ ಮುನ್ನವೇ ಅದನ್ನು ಇಡಬೇಕು. ಇಳಿಜಾರಿದ್ದರೆ ಟ್ರೇಲರ್ ಉರುಳಿಯೇ ಬಿಡುತ್ತದೆ. ನೀರಿಗೆ, ಕುಡಿಯುವುದಕ್ಕೆಂದೇ ಮಾಡಿದ ಕೊಳವೆ. ತೋಟದ ಪೈಪು ಬೇಡ.

ಕಾರ್ಬನ್ ಮಾನಾಕ್ಸೈಡ್ ಅಲಾರ್ಮಿನಲ್ಲಿ ಮಾತ್ರ ಜಿಪುಣತನ ಸಲ್ಲದು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಯೆಂದು ಕಿಟಕಿ ಮುಚ್ಚಿ ಗ್ಯಾಸ್ ಒಲೆಯಿಂದ ಮೈ ಕಾಯಿಸಿದರೆ ನಿದ್ದೆಯಲ್ಲೇ ಪ್ರಾಣ ಹೋಗಬಹುದು. ಅಲಾರ್ಮಿಗೂ ಆಯುಸ್ಸಿದೆ, ಅದರ ಮೇಲಿನ ತಾರೀಖು ಓದಿ.

ಪಾತ್ರೆ? ಒಂದು ಕುಕ್ಕರ್, ಒಂದು ಒಗ್ಗರಣೆ ಸೌಟು ಸಾಕು. ಭಾರವನ್ನೆಲ್ಲ ಹಿಂದಕ್ಕೆ ತುಂಬಬೇಡಿ, ಟ್ರೇಲರ್ ಬಾಲ ಓಲಾಡಿ ಕಾರನ್ನೇ ಎಳೆದಾಡುತ್ತದೆ. ಹಿಂಭಾರ ಎಷ್ಟು ಕೆಟ್ಟದ್ದೆಂದು ನಮ್ಮೂರ ಎತ್ತಿನ ಗಾಡಿಯವರನ್ನು ಕೇಳಿ!